ನನ್ನ ಹೊದಿಕೆಯ ಹದ್ದುಬಸ್ತು

ಹಿಡಿದ ಕೆಲಸವನ್ನು ನಾನು ಮುಗಿಸುವುದಿಲ್ಲ ಎಂಬುದು ನನ್ನ ಮೇಲಿರುವ ಏಕೈಕ ಆರೋಪ. ಉಳಿದವುಗಳನ್ನು ನಾನು ಆರೋಪ ಎಂದು ಪರಿಗಣಿಸಿಲ್ಲ.

ಆರೋಪಕ್ಕೆ ಸಾಕ್ಷಿಗಳು ನಮ್ಮ ಮನೆಯ ಸ್ಟೋರ್ ರೂಮಿನಲ್ಲೇ ಇವೆ. ಒಂದೇ ತೋಳಿನ ರವಿಕೆಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತ ಹೊಲಿಗೆ ಯಂತ್ರ, ಅಣಬೆ ಬೆಳೆಸಲು ತಂದ ಚೀಲಗಳು, ಮೂರು ಕೇಕುಗಳಿಗೇ ನಿವೃತ್ತಿ ಪಡೆದ ಓವನ್, 'ಸರಿಗಮ'ದಲ್ಲಿ 'ಗ'ದವರೆಗೆ ಮಾತ್ರ ನುಡಿದ ಕೀಬೋರ್ಡ್. ನನ್ನ ಗಂಡ ರವಿರಾಜ ಆ ಕೋಣೆಗೆ ವಸ್ತುಸಂಗ್ರಹಾಲಯ ಎಂದು ಹೆಸರಿಟ್ಟಿದ್ದಾರೆ. ಬಂಟ್ವಾಳಕ್ಕೆ ಬಂದ ನೆಂಟರಿಗೆ ಕಾಫಿ ಕೊಟ್ಟು ಅದನ್ನು ತೋರಿಸುತ್ತಾರೆ. ಪ್ರವೇಶ ಉಚಿತ!

ಹಾಗಾಗಿ ಕಳೆದ ಜುಲೈಯಲ್ಲಿ, ಮೂಡುಬಿದಿರೆಯಲ್ಲಿರುವ ನನ್ನ ನಾದಿನಿ ವಿಸ್ಮಿತಾ ಎರಡನೆಯ ಬಾರಿ ಬಸುರಿ ಎಂದು ತಿಳಿದಾಗ, ನಾನು ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಘೋಷಣೆ ಹೊರಡಿಸಿದೆ: 'ಮಗುವಿನ ತೊಟ್ಟಿಲಿನ ದಿನಕ್ಕೆ ನನ್ನ ಕೈಯಾರೆ ಕ್ರೋಶಾ ಹೆಣೆದ ಬಣ್ಣದ ಹೊದಿಕೆ! ಇದು ಗ್ರೀಷ್ಮಾಳ ಪ್ರತಿಜ್ಞೆ!'

ಹದಿನೆಂಟು ಹೆಬ್ಬೆರಳುಗಳು ಎದ್ದವು. ಆಮೇಲೆ ನಾರಾವಿಯಿಂದ ನನ್ನ ಅತ್ತೆ ಅನಂತಮತಿಯವರ ಸಂದೇಶ ಬಂತು. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಬಿಟ್ಟರೆ ಬೇರೇನೂ ಹಾಕದ ಅತ್ತೆ, ಅಂದು ಬೆರಳು ನೋಯಿಸಿಕೊಂಡು ಟೈಪ್ ಮಾಡಿದ್ದರು.

'ಯಾವ ಮಗುವಿನ ತೊಟ್ಟಿಲಿಗೆ? ಈಗ ಹುಟ್ಟುವುದರದ್ದಾ, ಅದರ ಮಗುವಿನದ್ದಾ?'

ಇಪ್ಪತ್ತಾರು ಹೆಬ್ಬೆರಳುಗಳು! ಗ್ರೂಪಿನಲ್ಲಿ ಅಷ್ಟು ಜನ ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಅಲ್ಲಿಗೆ ಅದು ಬರಿಯ ಹೊದಿಕೆಯಾಗಿ ಉಳಿಯಲಿಲ್ಲ, ನನ್ನ ಮಾನದ ಪ್ರಶ್ನೆಯಾಯಿತು.

"ಉಲ್ಲನ್ ಹೊದಿಕೆಯಾ?" ಎಂದರು ರವಿರಾಜ. "ಮಾರಾಯ್ತಿ, ನಮ್ಮಲ್ಲಿ ಫ್ಯಾನಿನ ಅಡಿಯಲ್ಲಿ ಕೂತವರೂ ಬೆವರ್ತಾರೆ."

"ಮೂಡುಬಿದಿರೆಯಲ್ಲಿ ಚಳಿ ಉಂಟು."

"ಯಾವಾಗ?"

"ಎಸಿ ಹಾಕಿದಾಗ!"

ಇವರು ಪರವಾನಗಿ ಪಡೆದ ಸರ್ವೆಯರ್. ಊರವರ ಜಾಗದ ಹದ್ದುಬಸ್ತು ಮಾಡುವುದು, ಅಂದರೆ ಗಡಿ ಅಳೆದು ಕಲ್ಲು ಹಾಕಿಸುವುದು ಇವರ ವೃತ್ತಿ. ಸ್ಟೀಲಿನ ಅಳತೆ ಟೇಪು ಸದಾ ಕಿಸೆಯಲ್ಲಿರುತ್ತದೆ, ಸ್ನಾನಕ್ಕೆ ಹೋಗುವಾಗ ಮಾತ್ರ ಹೊರಗೆ. ಮದುವೆಯ ಮೊದಲು ನಮ್ಮನೆಗೆ ಹೆಣ್ಣು ನೋಡಲು ಬಂದಾಗಲೂ ಚಾವಡಿಯ ಅಗಲ ಕೇಳಿದ್ದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಪಾಣೆಮಂಗಳೂರಿನ ಅಬ್ದುಲ್ ರಹಿಮಾನರ ಅಂಗಡಿಯಲ್ಲಿ ಉಲ್ಲನ್ ಸಿಕ್ಕಿತು. "ಈ ಸೆಕೆಯ ಊರಲ್ಲಿ ಉಲ್ಲನ್ ಕೇಳಿದವರು ನೀವು ಮಾತ್ರ ಅಕ್ಕ," ಎಂದು ಅವರು ಮೇಲಿನ ಅಟ್ಟದಿಂದ ಮೂಟೆ ಇಳಿಸಿದರು. ಇದ್ದ ಬಣ್ಣಗಳು ಮೂರು: ಗುಲಾಬಿ, ಹಸಿರು, ಹಳದಿ. ಮೊದಲು ಗುಲಾಬಿ ಕೊಂಡೆ. ಅದು ಮುಗಿದ ಹಾಗೆ ಉಳಿದ ಎರಡನ್ನು ಇವರೇ ಹೋಗಿ ತರುವುದು ಎಂದು ಒಪ್ಪಂದವಾಯಿತು.

ಕ್ರೋಶಾ ಬಹಳ ಸರಳ. ಒಂದು ಕೊಕ್ಕೆ ಕಡ್ಡಿ, ಒಂದು ದಾರ. ನಾನು ಒಂದು ಸಾಲಿಗೆ ನೂರೈವತ್ತು ಕುಣಿಕೆ ಎಂದು ಲೆಕ್ಕ ಹಾಕಿ ಶುರು ಮಾಡಿದೆ. ಅದೇ ಹೊದಿಕೆಯ ಅಗಲ. ಆಮೇಲೆ ಅತ್ತಿಂದಿತ್ತ ಇತ್ತಿಂದತ್ತ ಹೆಣೆಯುತ್ತ ಹೋದರೆ ಉದ್ದ ತಾನಾಗಿ ಬರುತ್ತದೆ. ಪ್ರತಿ ಸಾಲನ್ನೂ ಎಣಿಸಿದೆ. ನೂರೈವತ್ತಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ! ಗುಲಾಬಿ ಪಟ್ಟಿ ಮುಗಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಕೈ ಎಟುಕಿದಷ್ಟು.

ಆಗಸ್ಟಿನಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಮೂರು ಹೊತ್ತು ಕಣ್ಣಿಗೆ ಮದ್ದು ಬಿಡಬೇಕು, ನಾರಾವಿಯಲ್ಲಿ ಬಿಡುವವರಿಲ್ಲ. ಹಾಗಾಗಿ ಇಪ್ಪತ್ತೊಂದು ದಿನಕ್ಕೆ ನಮ್ಮಲ್ಲಿಗೆ ಬಂದರು.

ಇಲ್ಲೊಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನೂ ಅತ್ತೆಯೂ ಒಂದು ದಿನವೂ ದನಿ ಏರಿಸಿ ಮಾತಾಡಿದವರಲ್ಲ. 'ಹೌದು ಅತ್ತೆ', 'ಆಯ್ತು ಅತ್ತೆ' ಎಂಬ ಎರಡೇ ವಾಕ್ಯಗಳ ಮೇಲೆ ಹದಿನಾಲ್ಕು ವರ್ಷ ಸಂಸಾರ ನಡೆಸಿದ್ದೇನೆ. ನೆಂಟರಿಷ್ಟರೆಲ್ಲ ತಮ್ಮ ಸೊಸೆಯಂದಿರಿಗೆ ನನ್ನನ್ನು ತೋರಿಸಿ ಕಲಿಯಲು ಹೇಳುತ್ತಾರೆ. ಆ ಸೊಸೆಯಂದಿರು ನನ್ನನ್ನು ಹೇಗೆ ನೋಡುತ್ತಾರೆ ಎಂಬುದು ಬೇರೆ ವಿಷಯ.

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ನನ್ನೆದುರಿಗೇ ಕುರ್ಚಿ ಹಾಕಿಸಿಕೊಂಡರು.

"ಇದು ಕುರಿಯ ಉಣ್ಣೆಯಾ?"

"ಅಲ್ಲ ಅತ್ತೆ, ಅಕ್ರಿಲಿಕ್."

"ಅಂದ್ರೆ ಎಂತದು?"

"ಒಂದು ನಮೂನೆ ಪ್ಲಾಸ್ಟಿಕ್."

"ನನ್ನ ಮೊಮ್ಮಗು ಪ್ಲಾಸ್ಟಿಕ್ ಹೊದ್ದು ಮಲಗ್ಬೇಕಾ?"

"ಹೌದು ಅತ್ತೆ. ಅಲ್ಲ, ಇಲ್ಲ ಅತ್ತೆ!"

ಹೀಗೆ ಶುರುವಾಯಿತು ಹಸಿರು ಪಟ್ಟಿ. ಜೈನ ಪದ್ಧತಿಯಂತೆ ಸೂರ್ಯ ಮುಳುಗುವ ಮೊದಲು ಅತ್ತೆಯ ಊಟವಾಗಬೇಕು. ಐದೂವರೆಗೆ ಅನ್ನ ಬಡಿಸಿದರೆ, "ಐದೂಕಾಲಿಗೆ ಆಗ್ತಿದ್ರೆ ಚಂದ ಇತ್ತು," ಎನ್ನುವರು. ಐದೂಕಾಲಿಗೆ ಬಡಿಸಿದರೆ, "ಇಷ್ಟು ಬೇಗ ಯಾರಿಗೆ ಹಸಿವಾಗ್ತದೆ?" ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆ, ಪಲ್ಯಕ್ಕೆ ತೆಂಗಿನಕಾಯಿ ಒಂದು ಹಿಡಿ ಜಾಸ್ತಿ. ನನ್ನ ಬಾಯಿ "ಹೌದು ಅತ್ತೆ" ಎನ್ನುತ್ತಿತ್ತು. ಬಾಯಿಗೆ ಬಾರದ್ದೆಲ್ಲ ಸೀದಾ ಕೈಗೆ ಇಳಿಯುತ್ತಿತ್ತು. ದಾರ ಎಷ್ಟು ಬಿಗಿಯಾಯಿತೆಂದರೆ ಮುಂದಿನ ಸಾಲಿಗೆ ಕಡ್ಡಿ ತೂರಿಸಲು ಸಂದು ಸಿಗದೆ ನನ್ನ ತೋರುಬೆರಳಿಗೆ ಬ್ಯಾಂಡೇಜು ಬಂತು.

ಹನ್ನೆರಡನೆಯ ದಿನ ಮಹಾದುರಂತ. ಅತ್ತೆ ನೀರುಳ್ಳಿ ಮುಟ್ಟುವವರಲ್ಲ. ಅವರು ಬರುವ ಮೊದಲೇ ಮನೆಯ ನೀರುಳ್ಳಿಯನ್ನೆಲ್ಲ ರಾಗಿ ಡಬ್ಬದ ಹಿಂದೆ ಭೂಗತ ಮಾಡಿದ್ದೆ. ಒಂದು ಕಣ್ಣಿಗೆ ಮದ್ದು, ಇನ್ನೊಂದಕ್ಕೆ ಮಂಜು, ಆದರೂ ಅತ್ತೆ ಮೂಗಿನ ಸಹಾಯದಿಂದಲೇ ಅಲ್ಲಿಗೆ ತಲುಪಿದರು. ಆರು ನೀರುಳ್ಳಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ವಾರ ಅಲ್ಲಿಂದ ತೆಗೆಯಲು ಬಿಡಲಿಲ್ಲ! ಆ ವಾರ ನಾನು ಹಾಕಿದ ಸಾಲುಗಳನ್ನು ಕತ್ತರಿಯಿಂದಲೂ ಬಿಡಿಸಲಾಗದು.

ಇಪ್ಪತ್ತೊಂದು ದಿನ ಮುಗಿದು, ಇವರು ಅತ್ತೆಯನ್ನು ನಾರಾವಿಗೆ ಬಿಟ್ಟು, ಬರುವಾಗ ಹಳದಿ ಉಲ್ಲನ್ ತಂದರು. ನಾನು ಸೋಫಾದ ಮೇಲೆ ಕಾಲು ಚಾಚಿ, ಟಿ.ವಿ. ಹಾಕಿ, ಎಣ್ಣೆಯಲ್ಲಿ ಕರಿದ ನೀರುಳ್ಳಿ ಬಜೆ ತಿನ್ನುತ್ತ ಹಳದಿ ಪಟ್ಟಿ ಹೆಣೆದೆ. ಅಹಾ! ದಾರ ತಾನಾಗಿ ಹರಿಯಿತು. ನವೆಂಬರಿನಲ್ಲಿ ಕೊನೆಯ ಕುಣಿಕೆ ಹಾಕಿ ದಾರ ಕತ್ತರಿಸಿದಾಗ ನನಗೆ ನಿಜವಾಗಿ ಕಣ್ಣು ತುಂಬಿತು. ಜೀವಮಾನದಲ್ಲಿ ಮೊದಲ ಬಾರಿಗೆ ನಾನೊಂದು ಕೆಲಸ ಮುಗಿಸಿದ್ದೆ.

ಹೊದಿಕೆಯ ಆಕಾರ ಸ್ವಲ್ಪ ವಿಚಿತ್ರ ಎಂದು ನನಗೂ ಕಂಡಿತ್ತು. ಮಡಚಿಟ್ಟರೆ ಕಾಣುವುದಿಲ್ಲ ಎಂಬುದೂ ಕಂಡಿತು. ಮಡಚಿ, ರಿಬ್ಬನ್ ಕಟ್ಟಿದೆ.

ತೊಟ್ಟಿಲಿನ ದಿನ ಮೂಡುಬಿದಿರೆಯ ಮನೆ ತುಂಬ ಜನ. ನಾನು ಗ್ರೂಪಿನ ಇಪ್ಪತ್ತಾರು ಮಂದಿಯೂ ಬಂದಿದ್ದಾರೆಂದು ಖಚಿತಪಡಿಸಿಕೊಂಡೇ ಪೊಟ್ಟಣ ಕೊಟ್ಟೆ. ಅತ್ತೆಯನ್ನು ಓರೆಗಣ್ಣಲ್ಲಿ ನೋಡಿದೆ. 'ಈಗ ಹೇಳಿ, ಯಾವ ಮಗುವಿನ ತೊಟ್ಟಿಲಿಗೆ?' ಎಂದು ಮನಸ್ಸಿನಲ್ಲೇ ಕೇಳಿದೆ. ವಿಸ್ಮಿತಾ ರಿಬ್ಬನ್ ಬಿಚ್ಚಿ ಹೊದಿಕೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

ಮೇಲೆ ಅಗಲ, ನಡುವೆ ಸಪುರ, ಕೆಳಗೆ ಇನ್ನೂ ಅಗಲ.

"ಇದು ಹೊದಿಕೆಯಾ, ಲಂಗವಾ?" ಎಂದಿತು ಒಂದು ಕಂಠ.

"ಮಗುವಿಗೆ ಇಷ್ಟು ಚಂದದ ಸೊಂಟ ಇಲ್ಲವಲ್ಲ!" ಎಂದಿತು ಇನ್ನೊಂದು.

"ಅದು ಡಿಸೈನ್!" ಎಂದೆ ನಾನು, ಗತ್ತಿನಿಂದ. ಅಲ್ಲಿಗೆ ಮುಗಿಯುತ್ತಿತ್ತು. ಈಗಿನ ಕಾಲದಲ್ಲಿ ಡಿಸೈನ್ ಎಂದರೆ ಜನ ಹೆದರಿ ಸುಮ್ಮನಾಗುತ್ತಾರೆ. ಆದರೆ ನನ್ನ ಗಂಡನಿಗೆ ನನ್ನನ್ನು ಕಾಪಾಡುವ ಮನಸ್ಸಾಯಿತು!

"ನನ್ನ ಹೆಂಡತಿಯ ಲೆಕ್ಕ ತಪ್ಪಿಲ್ಲ," ಎಂದು ಇವರು ಎದ್ದು ನಿಂತರು. "ಪ್ರತಿ ಸಾಲಿಗೂ ನೂರೈವತ್ತು ಉಂಟು. ಬೇಕಾದ್ರೆ ನೋಡುವ." ಕಿಸೆಯಿಂದ ಟೇಪು ಹೊರಬಂತು. ಹೊದಿಕೆಯನ್ನು ಚಾಪೆಯ ಮೇಲೆ ಹಾಸಿ, ಮೊಣಕಾಲೂರಿ, ಗಡಿ ವ್ಯಾಜ್ಯದ ಜಾಗಕ್ಕಿಳಿದವರ ಗಾಂಭೀರ್ಯದಲ್ಲಿ ಅಳೆಯತೊಡಗಿದರು. "ಗುಲಾಬಿ, ಮೂರಡಿ ಒಂದಿಂಚು. ಹಸಿರು, ಎರಡಡಿ ಮೂರಿಂಚು. ಹಳದಿ, ಮೂರಡಿ ಎಂಟಿಂಚು. ಕುಣಿಕೆ ಅಷ್ಟೇ, ಅಗಲ ಮಾತ್ರ ಬೇರೆ. ಇದಕ್ಕೆ ಕಾರಣ ಇರ್ಲೇಬೇಕು."

ಕಾರಣ ಹೇಳಲು ಅಲ್ಲೊಬ್ಬರು ಸಿದ್ಧರಿದ್ದರು. ವಿಸ್ಮಿತಾಳ ಪಕ್ಕದ ಮನೆಯ ಜ್ಯೋತ್ಸ್ನಾ ಟೀಚರ್, ಶಾಲೆಯಲ್ಲಿ ಹೊಲಿಗೆ ಕಲಿಸುವವರು.

"ಅದು ಕೈಯ ಬಿಗಿ," ಎಂದರು. "ಮನಸ್ಸು ಹಗುರ ಇದ್ರೆ ದಾರ ಸಡಿಲ ಬರ್ತದೆ, ಹೊದಿಕೆ ಅಗಲ ಆಗ್ತದೆ. ಸಿಟ್ಟಿದ್ರೆ ಬಿಗಿ ಆಗಿ ಸಪುರ ಆಗ್ತದೆ. ಹಸಿರು ಹಾಕುವಾಗ ಇವರಿಗೆ ಏನೋ ಸಂಕಟ ಇತ್ತು."

"ಸಂಕಟ ಎಂತದೂ ಇಲ್ಲ!" ಎಂದೆ. ನನ್ನ ದನಿ ಕೀಚಲಾಗಿತ್ತು.

ಇವರು ಹಣೆ ಉಜ್ಜಿಕೊಂಡು ಯೋಚಿಸಿದರು. ಸರ್ವೆಯರ್ ಯೋಚಿಸಿದರೆ ಸತ್ಯ ಹೊರಬಾರದೆ ಇರುತ್ತದೆಯೇ? "ಹಸಿರು ಉಲ್ಲನ್ ತಂದದ್ದು ನಾನೇ. ಅಮ್ಮನನ್ನು ಆಸ್ಪತ್ರೆಯಿಂದ ಕರ್ಕೊಂಡು ಬಂದ ದಿನ. ಡಿಕ್ಕಿಯಲ್ಲಿ ಅಮ್ಮನ ಬ್ಯಾಗು, ಅದರ ಮೇಲೆ ಉಲ್ಲನ್. ಹಳದಿ ತಂದದ್ದು ಅಮ್ಮನನ್ನು ನಾರಾವಿಗೆ ಬಿಟ್ಟು ಬರುವಾಗ. ಅಂದ್ರೆ ಹಸಿರಿನ ಗಡಿ ಈ ಕಡೆ ಅಮ್ಮ ಬಂದ ದಿನ, ಆ ಕಡೆ ಅಮ್ಮ ಹೋದ..."

ಅಲ್ಲಿಗೆ ಇವರಿಗೂ ಅರ್ಥವಾಯಿತು. ತಡವಾಗಿತ್ತು. ಇಪ್ಪತ್ತಾರು ಮಂದಿಗೆ ಆಗಲೇ ಅರ್ಥವಾಗಿತ್ತು.

ಅತ್ತೆ ನಿಧಾನವಾಗಿ ಎದ್ದು ಬಂದು, ಬಗ್ಗಿ, ಹಸಿರು ಪಟ್ಟಿಯ ನಟ್ಟನಡುವೆ ಬೆರಳಿಟ್ಟರು. "ಇಲ್ಲಿ ಎಷ್ಟುಂಟು ರವಿ?"

"ಒಂದಡಿ ಹನ್ನೊಂದಿಂಚು," ಎಂದರು ಇವರು, ನೆಲ ನೋಡುತ್ತ.

"ನೀರುಳ್ಳಿ ಸಿಕ್ಕಿದ ವಾರ," ಎಂದರು ಅತ್ತೆ. ಆಮೇಲೆ ನೆಟ್ಟಗಾಗಿ ನನ್ನ ಮುಖವನ್ನೇ ನೋಡಿದರು. "ಡಾಕ್ಟ್ರು ಆಪರೇಷನ್ ಒಳ್ಳೆದು ಮಾಡಿದ್ದಾರೆ. ಈಗ ಎಲ್ಲ ಸ್ಪಷ್ಟ ಕಾಣ್ತದೆ."

ನೆಲ ಬಾಯಿ ಬಿಡಲಿಲ್ಲ. ಹೆಸರುಬೇಳೆ ಪಾಯಸ ಬಡಿಸಲು ಕರೆದರು, ಎಲ್ಲರೂ ನಗು ನುಂಗಿಕೊಂಡು ಎದ್ದರು. ನನ್ನನ್ನು ನೋಡಿ ಕಲಿಯಬೇಕಿದ್ದ ಸೊಸೆಯಂದಿರು ಅಂದು ಎರಡೆರಡು ಲೋಟ ಪಾಯಸ ಕುಡಿದರು.

ಕಾರಿನಲ್ಲಿ ಯುದ್ಧ.

"ನಾನು ನಿನ್ನ ಪರ ಮಾತಾಡಿದ್ದು!"

"ಇದು ಪರವಾದ್ರೆ, ವಿರೋಧ ಮಾತಾಡುವ ದಿನ ಮೊದಲೇ ತಿಳಿಸಿ. ನಾನು ಊರು ಬಿಟ್ಟು ಹೋಗ್ತೇನೆ!"

ಮೂರು ದಿನ ಅತ್ತೆಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಅವರೂ ಮಾಡಲಿಲ್ಲ. ಗ್ರೂಪಿನಲ್ಲಿ ಹೂವಿನ ಶುಭೋದಯವೂ ನಿಂತುಹೋಯಿತು. ಇಷ್ಟು ದಿನ ನೋಡದೆ ಅಳಿಸುತ್ತಿದ್ದ ಆ ದಾಸವಾಳದ ಚಿತ್ರಕ್ಕಾಗಿ ನಾನು ಬೆಳಗಾದರೆ ಮೊಬೈಲು ನೋಡುವಂತಾಯಿತು. ಅತ್ತೆಯ ಮೇಲೆ ನನಗೆ ಸಿಟ್ಟಿದ್ದದ್ದು ನಿಜ. ಆದರೆ ಅವರಿಗೆ ನೋವಾಗಲಿ ಎಂದು ನಾನು ಒಂದು ಕುಣಿಕೆಯನ್ನೂ ಹಾಕಿದ್ದಿಲ್ಲ. ಅದನ್ನು ಹೇಳುವುದು ಹೇಗೆ? 'ಹೌದು ಅತ್ತೆ' ಬಿಟ್ಟು ಬೇರೆ ಮಾತು ನನಗೆ ಅಭ್ಯಾಸವೇ ಇಲ್ಲ!

ನಾಲ್ಕನೆಯ ದಿನ ವಿಸ್ಮಿತಾ ವಿಡಿಯೋ ಕಾಲ್ ಮಾಡಿದಳು. ನಗು ತಡೆಯಲಾಗದೆ ಫೋನು ಅಲುಗುತ್ತಿತ್ತು.

"ಅತ್ತಿಗೆ, ಮಗು ಹೊದಿಕೆ ಒದ್ದೆ ಮಾಡಿತು. ಮಿಶಿನಿಗೆ ಹಾಕಿದೆ. ನೋಡಿ."

ಹಗ್ಗದ ಮೇಲೆ ನನ್ನ ಪ್ರತಿಜ್ಞೆ ನೇತಾಡುತ್ತಿತ್ತು. ಗುಲಾಬಿಯ ಗಂಟುಗಳು ಬಿಚ್ಚಿ ಅಲ್ಲಲ್ಲಿ ಕೈ ತೂರುವಷ್ಟು ತೂತು. ನೀರುಳ್ಳಿ ಬಜೆ ತಿನ್ನುತ್ತ ಆನಂದದಿಂದ ಹೆಣೆದ ಹಳದಿಯಂತೂ ಜಗ್ಗಿ ಜಗ್ಗಿ ಅಂಗಳದ ಮಣ್ಣು ಮುಟ್ಟಿತ್ತು. ನಡುವೆ ಹಸಿರು ಮಾತ್ರ ಒಂದು ಎಳೆ ಕದಲದೆ, ಹಲಗೆಯಂತೆ ನಿಂತಿತ್ತು.

"ಅಮ್ಮ ಇನ್ನೂ ಇಲ್ಲೇ ಇದ್ದಾರಲ್ಲ, ಅವರಿಗೂ ತೋರಿಸಿದೆ," ಎಂದಳು ವಿಸ್ಮಿತಾ. ನಾನು ಫೋನನ್ನು ಮುಖದ ಹತ್ತಿರ ತಂದೆ. "ಎಂತ ಹೇಳಿದ್ರು?"

"ಎಂತದೂ ಹೇಳ್ಲಿಲ್ಲ. ನನ್ನ ಬಟ್ಟೆಯ ಬ್ಯಾಗು ಎಲ್ಲುಂಟು ಅಂತ ಕೇಳಿದ್ರು."

ಮರುದಿನ ಹತ್ತು ಗಂಟೆಗೆ ನಮ್ಮ ಗೇಟಿನೆದುರು ಆಟೋ ನಿಂತಿತು. ಅತ್ತೆ ಇಳಿದರು. ಒಂದು ಕೈಯಲ್ಲಿ ಬಟ್ಟೆಯ ಬ್ಯಾಗು. ಇನ್ನೊಂದು ಕೈಯಲ್ಲಿ ಅಬ್ದುಲ್ ರಹಿಮಾನರ ಅಂಗಡಿಯ ದೊಡ್ಡ ಚೀಲ, ಅದರ ತುಂಬ ಹಸಿರು ಉಲ್ಲನ್.

"ಅತ್ತೆ, ನಾನು ಬೇಕೂಂತ..." ಎಂದು ನಾನು ಶುರು ಮಾಡಿದೆ.

"ಗೊತ್ತುಂಟು," ಎಂದರು. "ನನ್ನ ಅತ್ತೆ ಇರುವಾಗ ನಾನು ಹೆಣೆದ ಚಾಪೆ ಈಗಲೂ ನಾರಾವಿಯಲ್ಲುಂಟು. ನೀರು ಸಹ ಸೋರುವುದಿಲ್ಲ. ಹೋಗು, ಕಡ್ಡಿ ತಾ. ಇನ್ನೊಂದು ಶುರು ಮಾಡು. ಮುಗಿಯುವವರೆಗೆ ನಾನು ಇಲ್ಲೇ ಇರ್ತೇನೆ."

ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಹದಿನಾಲ್ಕು ವರ್ಷಗಳಲ್ಲಿ ಅಭ್ಯಾಸದಿಂದಲ್ಲದೆ ಮನಸ್ಸಿನಿಂದ ಮುಟ್ಟಿದ್ದು ಅದೇ ಮೊದಲು. ಕುರ್ಚಿಗಳು ಎದುರುಬದುರಾದವು. ನೂರೈವತ್ತು ಕುಣಿಕೆ ಎಣಿಸಿ ಹಾಕಿದೆ. ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಎರಡೇ ಸಾಲಿಗೆ ದಾರ ತಾನಾಗಿ ಹರಿಯತೊಡಗಿತು.

ಅತ್ತೆ ಕನ್ನಡಕ ಏರಿಸಿ ಅದನ್ನೇ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಇವತ್ತಿನ ನಿನ್ನ ಸಾರು ಬಾಯಿಗೆ ಇಡ್ಲಿಕ್ಕೆ ಆಗುವುದಿಲ್ಲ."

"ಅತ್ತೆ! ಇವತ್ತು ನಾನು ಸಾರು ಮಾಡಲೇ ಇಲ್ಲ!"

"ಗೊತ್ತುಂಟು. ದಾರ ಸಡಿಲ ಬರ್ತಾ ಉಂಟು, ಅದಕ್ಕೆ ಹೇಳಿದ್ದು."