ಜರ್ಮನ್ ಪಾಠಕ್ಕೆ ಮುಯ್ಯಾಳು

ಜರ್ಮನ್ ಕಲಿಯುವುದು ಅಂಥ ಬ್ರಹ್ಮವಿದ್ಯೆಯೇನೂ ಆಗಿರಲಿಲ್ಲ. ದಿನಕ್ಕೊಂದು ಪಾಠ, ಪಾಠಕ್ಕೆ ಇಪ್ಪತ್ತು ನಿಮಿಷ. ಕಂಪ್ಯೂಟರಿನೊಳಗಿನ ಹೆಂಗಸು ಕೇಳಿದ್ದಕ್ಕೆ ಉತ್ತರ ಹೇಳಿದರೆ ಮುಗಿಯಿತು. ಆ ಇಪ್ಪತ್ತು ನಿಮಿಷ ಉಳಿಸಲು ಹೋಗಿ ಶಶಿಕಿರಣ ಎರಡು ತಿಂಗಳಲ್ಲಿ ತನ್ನ ಸೊಂಟ ಕಳೆದುಕೊಂಡ.

ನರಸಿಂಹರಾಜಪುರದ ಮೆಣಸು ಬೆಳೆಗಾರರ ಸಂಘದಲ್ಲಿ ಅವನು ಗುಮಾಸ್ತ. ಸಂಘದ ಕಾಳುಮೆಣಸು ಜರ್ಮನಿಗೆ ಹೋಗತೊಡಗಿದ್ದೇ ಸೆಕ್ರೆಟರಿ ಪರಮೇಶ್ವರಪ್ಪನವರಿಗೆ ಹುರುಪು ಬಂತು. ಭಾಷೆ ಕಲಿಸುವ ಸಾಫ್ಟ್‌ವೇರ್ ತರಿಸಿ ಆಫೀಸಿನ ಕಂಪ್ಯೂಟರಿಗೆ ಹಾಕಿಸಿದರು. ಗುಮಾಸ್ತರಿಬ್ಬರೂ ಅರವತ್ತು ಪಾಠ ಮುಗಿಸಿ ಪರೀಕ್ಷೆ ಕೊಡತಕ್ಕದ್ದು ಎಂದು ನೋಟಿಸ್ ಅಂಟಿಸಿದರು. ಯಾಕೆ ಎಂದು ನೋಟಿಸಿನಲ್ಲಿ ಇರಲಿಲ್ಲ. ಇನ್ನೊಬ್ಬ ಗುಮಾಸ್ತೆ ಅರ್ಪಣಾ ಸೆಕ್ರೆಟರಿಯವರ ಪತ್ರಗಳನ್ನೆಲ್ಲ ಟೈಪ್ ಮಾಡುವವಳು. ಶಶಿಕಿರಣ ಅವಳನ್ನೇ ಕೇಳಿದ.

"ಕೆರೆಕಟ್ಟೆ ಸೆಂಟರ್ ಖಾಲಿ ಇದ್ಯಲ್ಲ ಶಶಿಯಣ್ಣ," ಎಂದಳು ಅರ್ಪಣಾ. "ಟೆಸ್ಟ್ ಆದ್ಮೇಲೆ ನಮ್ಮಿಬ್ಬರಲ್ಲಿ ಒಬ್ಬರು ಅಲ್ಲಿಗೆ ಹೋಗ್ಬೇಕಂತೆ."

ಅವಳು ಹೇಳಿದ್ದು ಅಷ್ಟೇ. ನಪಾಸಾದವರು ಹೋಗಬೇಕು ಎಂದು ಉಳಿದದ್ದನ್ನು ಶಶಿಕಿರಣ ತಾನೇ ಅರ್ಥ ಮಾಡಿಕೊಂಡ. ಕೆರೆಕಟ್ಟೆ ಎಂದರೆ ಕೊಪ್ಪಕ್ಕೊಂದು ಬಸ್ಸು, ಶೃಂಗೇರಿಗೊಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು, ಅದೂ ಬಂದರೆ ಬಂತು. ಕಾಡಿನಂಚಿನಲ್ಲಿ ಸಂಘ ಮೆಣಸು ಕೊಳ್ಳುವ ಒಂದು ಶೆಡ್ಡು, ಒಂದು ಕುರ್ಚಿ, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ. ಹೆಂಡತಿ ಸುಮನಾ ಕೇಳಿದವಳೇ, "ನೀವು ಬೇಕಾದ್ರೆ ಹೋಗಿ. ನಾನು ಬರೋಳಲ್ಲ," ಎಂದು ಒಗ್ಗರಣೆ ಹಾಕಲು ಎದ್ದುಹೋದಳು.

ಹೀಗೆ ಹೆದರಿದವನು ಕೂತು ಕಲಿಯಬೇಕಿತ್ತು. ಮೂರನೆಯ ಪಾಠಕ್ಕೇ ಅವನು ಕೀಬೋರ್ಡಿನ ಮೇಲೆ ಹಣೆಯಿಟ್ಟು ನಿದ್ದೆ ಹೋದ. ಎಬ್ಬಿಸಿದವಳು ಅರ್ಪಣಾ.

"ನಿಮ್ಮ ಪಾಠಾನೂ ನಾನೇ ಮಾಡ್ತೀನಿ ಬಿಡಿ ಶಶಿಯಣ್ಣ. ಮುಯ್ಯಿ ಅಂತ ಇಟ್ಕೊಳ್ಳಿ. ನಮ್ಮನೆಯ ಒಂದೆರಡು ಕೆಲಸ ನೀವು ಮಾಡಿಕೊಡಿ."

ಮುಯ್ಯಿ ಎಂದರೆ ಇವತ್ತು ನಿನ್ನ ಗದ್ದೆ ನೆಟ್ಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಜ್ಜನ ಕಾಲದಿಂದ ನಡೆದ ಪದ್ಧತಿ ಜರ್ಮನಿಗೆ ಯಾಕಾಗಬಾರದು ಎಂದುಕೊಂಡ ನಮ್ಮ ಬುದ್ಧಿವಂತ. ಅರ್ಪಣಾ ಅವನ ಹೆಸರಿನಲ್ಲಿ ದಿನವೂ ಪಾಠ ಮಾಡಿದಳು. ಹೆಡ್‌ಫೋನು ಕೆಟ್ಟಿದ್ದರಿಂದ ಆ ಪಾಠ ಇಡೀ ಆಫೀಸಿಗೆ ಕೇಳುತ್ತಿತ್ತು. ಇತ್ತ ಶಶಿಕಿರಣ ಅವಳ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತ, ರೇಷನ್ ಸಾಲಿನಲ್ಲಿ ನಿಂತ, ಸೋರುವ ಹೆಂಚು ಬದಲಿಸಿದ, ಅವಳ ಅತ್ತೆ ಗಂಗಾಂಬಿಕೆಯವರನ್ನು ಮೂರು ಸಲ ಕೊಪ್ಪದ ಕಣ್ಣಿನ ಡಾಕ್ಟರಿಗೆ ತೋರಿಸಿದ. ಇಷ್ಟು ಮೈಮುರಿದು ದುಡಿದಿದ್ದರೆ ಜರ್ಮನ್ ಏನು, ಚೀನೀ ಭಾಷೆಯೂ ಬರುತ್ತಿತ್ತು.

ಪರೀಕ್ಷೆಯ ದಿನ ಬಂತು. ಹನ್ನೊಂದು ಗಂಟೆಗೆ ಪರೀಕ್ಷೆ, ಏಳಕ್ಕೆ ಕೊಪ್ಪದ ಬಸ್ಸು. ಗಂಗಾಂಬಿಕೆಯವರ ಹೊಸ ಕನ್ನಡಕ ಅವತ್ತೇ ಸಿಗುವುದಿತ್ತು. ಮುಯ್ಯಿ ಎಂದ ಮೇಲೆ ಇಲ್ಲ ಅನ್ನುವಂತಿಲ್ಲ.

"ನಿಂಗೆ ಜರ್ಮನ್ ಬರುತ್ತಂತಲ್ಲ," ಎಂದರು ಗಂಗಾಂಬಿಕೆ, ವಾಪಸು ಬರುವ ಬಸ್ಸಿನಲ್ಲಿ. "ಒಂದು ಮಾತು ಆಡು ನೋಡನ."

ಮುಂದಿನ ನಾಲ್ಕು ಸೀಟಿನವರೂ ತಿರುಗಿದರು. ಶಶಿಕಿರಣ ಬೆವರಿದ.

"ಗೂಟೆನ್ ಟಾಗ್," ಎಂದ.

"ಅಷ್ಟೇನಾ?"

"ಅಷ್ಟೇ ಅಮ್ಮ. ನಮಸ್ಕಾರ ಅಂತ."

"ಅಷ್ಟಕ್ಕೆ ಎರಡು ತಿಂಗಳು ಬೇಕಾಯ್ತಾ ಮಾರಾಯ. ನಮ್ಮ ಅರ್ಪಣಾ ನಿದ್ದೇಲೂ ಅದನ್ನೇ ಪಟಪಟ ಮಾತಾಡ್ತಾಳೆ."

ಆಫೀಸು ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷ. ಮೂಟೆ ತೂಗುವ ಮಂಜಪ್ಪ ಕಿಟಕಿಯ ಹೊರಗಿನ ಬೆಂಚಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ.

"ನಿನ್ನೆ ಅರ್ಪಣಾ ಟೆಸ್ಟ್ ಕೊಟ್ಟಳಲ್ಲ, ಫೇಲು," ಎಂದ ಮಂಜಪ್ಪ.

"ಅವಳು ಫೇಲಾ?"

"ನೂರಕ್ಕೆ ಹನ್ನೊಂದು. ಗಾಬರಿ ಆಯ್ತಂತೆ."

ನಿದ್ದೆಯಲ್ಲೂ ಜರ್ಮನ್ ಮಾತಾಡುವವಳಿಗೆ ಎಚ್ಚರದಲ್ಲಿ ಗಾಬರಿಯೇ ಎಂದು ಶಶಿಕಿರಣನಿಗೆ ಒಂದು ಕ್ಷಣ ಅನಿಸಿತು. ಆದರೆ ಯೋಚನೆ ಮುಂದುವರಿಸುವಷ್ಟು ತ್ರಾಣ ಇರಲಿಲ್ಲ.

ಕಂಪ್ಯೂಟರಿನ ಮೇಲೊಂದು ಕ್ಯಾಮೆರಾ. ಪರೀಕ್ಷೆ ಕೊಡುವವನ ಮುಖ ಬಿಟ್ಟು ಬೇರೆ ಮುಖ ಕಂಡರೆ ಪರೀಕ್ಷೆ ರದ್ದು. ಇದಕ್ಕೂ ಅರ್ಪಣಾ ಉಪಾಯ ಮಾಡಿದ್ದಳು. ಮೇಜಿನ ಕೆಳಗೆ ಚಾಪೆ ಹಾಸಿ ಕೂತಳು.

"ನೀವು ಬಾಯಿ ಆಡಿಸ್ತಾ ಇರಿ. ಉತ್ತರ ನಾನು ಹೇಳ್ತೀನಿ."

"ನೀನೇ ಫೇಲಾಗಿದ್ದೀಯಂತಲ್ಲ ಮಾರಾಯ್ತಿ."

"ಇವತ್ತು ಗಾಬರಿ ಇಲ್ಲ ಶಶಿಯಣ್ಣ."

ಪರದೆಯ ಹೆಂಗಸು ಕೇಳಿದಳು, ಮೇಜಿನ ಕೆಳಗಿಂದ ಉತ್ತರ ಹೋಯಿತು. ಹೆಣ್ಣುದನಿಗೆ ಬಾಯಿ ಆಡಿಸುತ್ತ ಶಶಿಕಿರಣ ಬಿಸಿಲಿಗೆ ಬಿದ್ದ ಮೀನಿನ ಹಾಗೆ ಕೂತಿದ್ದ. ಒಂಬತ್ತು ಪ್ರಶ್ನೆ ಸರಾಗವಾಗಿ ಮುಗಿದವು. ಹತ್ತನೆಯದಕ್ಕೆ ಒಳಕೋಣೆಯಿಂದ ಸೆಕ್ರೆಟರಿಯವರು, "ಅರ್ಪಣಾ, ಬಾರಮ್ಮ ಇಲ್ಲಿ. ಒಂದು ಪತ್ರ ಟೈಪ್ ಮಾಡ್ಬೇಕು," ಎಂದು ಕರೆದರು. ಅವಳು ಕ್ಯಾಮೆರಾಕ್ಕೆ ಕಾಣದಂತೆ ಅಂಬೆಗಾಲಿಕ್ಕುತ್ತ ಬಾಗಿಲು ದಾಟಿದಳು.

ಹೆಂಗಸು ಪ್ರಶ್ನೆ ಕೇಳಿದಳು. ಶಶಿಕಿರಣ ಬಾಯಿ ಆಡಿಸಿದ, ದನಿ ಬರಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಅವನ ಕಣ್ಣ ಮುಂದೆ ಶೃಂಗೇರಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು ಬಂದು ನಿಂತಿತು.

ಅಷ್ಟರಲ್ಲಿ ಕಿಟಕಿಯಾಚೆ ಪಿಚಕ್ಕನೆ ಉಗುಳಿದ ಸದ್ದು. ಹಿಂದೆಯೇ ಗಡಸು ದನಿಯಲ್ಲಿ ಶುದ್ಧ ಜರ್ಮನ್ ಬಂತು. ಪರದೆಯ ಮೇಲೆ ಹಸಿರು ಗುರುತು ಬಿತ್ತು. ಹನ್ನೊಂದು, ಹನ್ನೆರಡು, ಹೀಗೆ ಇಪ್ಪತ್ತರವರೆಗೂ ಮಂಜಪ್ಪನೇ ಹೇಳಿದ. ನೂರಕ್ಕೆ ತೊಂಬತ್ತೈದು.

"ನಿಂಗೆ ಹ್ಯಾಗೆ ಬಂತು ಮಂಜಪ್ಪಣ್ಣ?" ಶಶಿಕಿರಣ ಕಿಟಕಿಗೆ ಹೋಗಿ ಕೇಳಿದ.

"ಎರಡು ತಿಂಗಳು ಕಿವಿ ಮೇಲೆ ಬಿದ್ದದ್ದಲ್ಲವಾ. ಆ ಹೆಂಗಸು ಇದನ್ನ ಕೇಳಿದ್ರೆ ಅರ್ಪಣಾ ಅದನ್ನ ಹೇಳೋಳು. ಅರ್ಥ ಗಿರ್ಥ ಕೇಳ್ಬೇಡ, ನಂಗೆ ಗೊತ್ತಿಲ್ಲ. ಅಂದಹಾಗೆ ಹನ್ನೊಂದು ಪ್ರಶ್ನೆ ಹೇಳಿದೀನಿ. ಹನ್ನೊಂದು ಮೂಟೆ ಮುಯ್ಯಿ."

ಶಶಿಕಿರಣ ಕುರ್ಚಿಗೆ ಒರಗಿದ. ಕೆರೆಕಟ್ಟೆ ತಪ್ಪಿತು. ಆದರೆ ಸಂತೋಷ ಒಳಗಿಳಿಯಲಿಲ್ಲ. ತನ್ನನ್ನು ದಾಟಿಸಿದ ಆ ಹೆಣ್ಣುಮಗಳು ಮುದಿ ಅತ್ತೆಯನ್ನು ಕಟ್ಟಿಕೊಂಡು ಆ ಕಾಡಿಗೆ ಹೋಗಬೇಕಲ್ಲ ಎಂದು ಅವನಿಗೆ ನಿಜಕ್ಕೂ ಸಂಕಟವಾಯಿತು. ಸೆಕ್ರೆಟರಿಯವರ ಹತ್ತಿರ ಅವಳ ಪರವಾಗಿ ಒಂದು ಮಾತು ಆಡಬೇಕೆಂದು ಎದ್ದ.

ಪರಮೇಶ್ವರಪ್ಪನವರೇ ಎದುರು ಬಂದರು, ಮುಖವೆಲ್ಲ ನಗು. ಹಿಂದೆ ಅರ್ಪಣಾ, ಕೈಯಲ್ಲಿ ಆಗಷ್ಟೇ ಟೈಪಾದ ಹಾಳೆ.

"ತೊಂಬತ್ತೈದಂತಲ್ರೀ ಶಶಿಕಿರಣ್. ನನ್ನ ಮಾನ ಉಳಿಸಿದ್ರಿ."

"ಸಾರ್, ಅರ್ಪಣಾನ ಕೆರೆಕಟ್ಟೆಗೆ ಕಳಿಸ್ಬೇಡಿ. ಮನೇಲಿ ವಯಸ್ಸಾದ ಅತ್ತೆ ಇದ್ದಾರೆ."

"ಅವಳನ್ನ ಯಾಕ್ರೀ ಕಳಿಸ್ಲಿ?" ಪರಮೇಶ್ವರಪ್ಪನವರಿಗೆ ಆಶ್ಚರ್ಯ. "ಜರ್ಮನಿಯಿಂದ ಗಂಡ ಹೆಂಡತಿ ಬರ್ತಿದ್ದಾರೆ, ಕಾಡುಮೆಣಸಿನ ಸಂಶೋಧನೆಗೆ. ಎರಡು ವರ್ಷ ಕೆರೆಕಟ್ಟೇಲೇ ಇರ್ತಾರೆ. ಅವರ ಜೊತೆ ಇರೋಕೆ ಭಾಷೆ ಬರೋರೇ ಬೇಕಲ್ವಾ. ಹನ್ನೊಂದು ಮಾರ್ಕಿನವಳನ್ನ ಕಳಿಸಿ ಏನ್ಮಾಡ್ಲಿ? ಸೋಮವಾರ ಹೊರಡಿ. ಇದು ನಿಮ್ಮ ಆರ್ಡರ್."

ಶಶಿಕಿರಣ ಹಾಳೆ ನೋಡಿದ, ಅರ್ಪಣಾಳನ್ನು ನೋಡಿದ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಅವರು ಬರೋದು ಯಾವಾಗ ಗೊತ್ತಾಯ್ತು ಸಾರ್?"

"ಎರಡು ತಿಂಗಳಾಯ್ತು. ಅರ್ಪಣಾನೇ ಅಲ್ವಾ ಅವರಿಗೆ ಉತ್ತರ ಟೈಪ್ ಮಾಡಿದ್ದು," ಎಂದು ಪರಮೇಶ್ವರಪ್ಪನವರು ಒಳಗೆ ಹೋದರು.

ಪಾಠವೂ ನನ್ನದಲ್ಲ, ಪರೀಕ್ಷೆಯೂ ನನ್ನದಲ್ಲ ಎಂದು ಈಗ ಹೇಳಿದರೆ ಕೆಲಸವೇ ಹೋಗುತ್ತದೆ. ಶಶಿಕಿರಣ ಹಾಳೆ ತೆಗೆದುಕೊಂಡು ಮಡಚಿ ಜೇಬಿಗಿಟ್ಟ. ಮಾಡಿದ್ದುಣ್ಣೋ ಮಹಾರಾಯ.

"ನಾನೇನೂ ಸುಳ್ಳು ಹೇಳ್ಲಿಲ್ಲ ಶಶಿಯಣ್ಣ," ಎಂದಳು ಅರ್ಪಣಾ ಮೆಲ್ಲಗೆ. "ಫೇಲಾದೋರು ಹೋಗ್ಬೇಕು ಅಂದಿದ್ನಾ? ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ಕಲೀರಿ."

ಬೇರೆ ದಾರಿಯಿರಲಿಲ್ಲ. ಅವನು ಕಂಪ್ಯೂಟರಿನ ಮುಂದೆ ಕೂತು, ಜೀವಮಾನದಲ್ಲೇ ಮೊದಲ ಬಾರಿಗೆ ಕಲಿಯುವ ಮನಸ್ಸು ಮಾಡಿ, ಒಂದನೆಯ ಪಾಠದ ಮೇಲೆ ಒತ್ತಿದ. ಪಾಠ ತೆರೆಯಲಿಲ್ಲ. ಅಭಿನಂದನೆಗಳು, ನಿಮಗೆ ಕಲಿಸುವುದು ಇನ್ನೇನೂ ಉಳಿದಿಲ್ಲ, ನಿಮ್ಮ ಖಾತೆ ಮುಕ್ತಾಯವಾಗಿದೆ ಎಂದು ಪರದೆಯ ಮೇಲೆ ಬಂತು. ಮತ್ತೊಮ್ಮೆ ಒತ್ತಿದ. ಮತ್ತೆ ಅಭಿನಂದನೆಗಳು.

"ನಾನು ಹೇಳ್ಕೊಡ್ತೀನಿ ಬಾ ಮಾರಾಯ," ಎಂದ ಮಂಜಪ್ಪ ಕಿಟಕಿಯಲ್ಲಿ ತಲೆಯಿಟ್ಟು. "ಅರ್ಥ ಒಂದು ಕೇಳ್ಬೇಡ. ಮೊದಲು ಆ ಹಳೇ ಹನ್ನೊಂದು ಮೂಟೆ ಎತ್ತು."

ಶಶಿಕಿರಣ ಸೊಂಟ ಹಿಡಿದುಕೊಂಡು ಎದ್ದ.