ಅಂಕಲ್ ಅಲ್ಲದ ಮಾವ

ನಮ್ಮ ಸೋದರಮಾವನನ್ನು ‘ಅಂಕಲ್’ ಎಂದು ಕರೆದು ಸುಮ್ಮನೆ ಪಾರಾದವರು ಮಸ್ಕಿಯಲ್ಲಿ ಯಾರೂ ಇಲ್ಲ!

ಮಾವನದು ಪಾತ್ರೆ ಅಂಗಡಿ. ಲೋಟ ಸುತ್ತಿ ಬಂದ ಹಳೆಯ ಇಂಗ್ಲಿಷ್ ಪೇಪರಿನಲ್ಲಿ ಒಮ್ಮೆ ‘ಅವಂಕ್ಯುಲರ್’ ಎಂಬ ಪದ ಕಂಡಿತು. ಬೇರೆಯವರಾದರೆ ಮಡಚಿ ಎಸೆಯುತ್ತಿದ್ದರು. ಮಾವ ಅಂಗಡಿ ಮುಚ್ಚಿ, ಬಸ್ಸು ಹತ್ತಿ, ಸಿಂಧನೂರಿನ ನಿವೃತ್ತ ಮೇಷ್ಟ್ರ ಮನೆಗೆ ಹೋದ. ಮಾವನಂತೆ ಅಕ್ಕರೆಯುಳ್ಳವನು ಎಂಬುದು ಅದರ ಅರ್ಥ. ‘ಅಂಕಲ್’ ಕೂಡ ಅದೇ ಲ್ಯಾಟಿನ್ ಬೇರಿನದು. ಮೂಲದಲ್ಲಿ ಅದು ತಾಯಿಯ ಅಣ್ಣತಮ್ಮಂದಿರಿಗೆ ಮಾತ್ರ ಸಲ್ಲುತ್ತಿತ್ತು ಎಂದರಂತೆ ಮೇಷ್ಟ್ರು.

ಮುಗಿಯಿತಲ್ಲ! ಲಿಂಗಸುಗೂರಿನ ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಅಂದೇ ಫೋನು ಹೋಯಿತು, ಇನ್ನು ಮುಂದೆ ನೀವು ಅಂಕಲ್ ಅಲ್ಲ ಎಂದು. ಹಾಗಾದರೆ ಮಕ್ಕಳ ಹಬ್ಬದ ಬಟ್ಟೆಯ ಖರ್ಚೂ ನಿಮ್ಮದೇ ಆಗಲಿ ಎಂದು ಕಾಕಾ ನಕ್ಕು ಫೋನಿಟ್ಟರು.

ಅಂಗಡಿಯಲ್ಲಿ ಇನ್ನೊಂದು ಪಜೀತಿ.

“ಅಂಕಲ್, ಕುಕ್ಕರ್ ರಬ್ಬರ್ ಐತೇನ್ರಿ?”

“ನಿಮ್ಮವ್ವನ ತವರುಮನಿ ಯಾವೂರವಾ?”

“ಬಳಗಾನೂರು ರೀ.”

“ಹಂಗಾದ್ರ ನಾ ನಿನಗ ಹೆಂಗ ಅಂಕಲ್ ಆಗ್ತೀನಿ?”

ಕೆಲವರು ಎದುರಿನ ಅಂಗಡಿಗೆ ಹೋದರು. ನಕ್ಕು ನಿಂತವರನ್ನು ಮಾವ ಸೋದರಸೊಸೆಯರೆಂದೇ ಒಪ್ಪಿಕೊಂಡು, ಒಂದೊಂದು ಚಮಚ ಉಡುಗೊರೆ ಕೊಟ್ಟ. ಸಂಜೆಗೆ ನೆಂಟರು ಹೆಚ್ಚಿದ್ದರು, ಚಮಚ ಖಾಲಿ!

ಹೋದ ವರ್ಷ ನನ್ನ ಮಗಳ ಕಿವಿ ಚುಚ್ಚುವುದಿತ್ತು. ಮಗು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ನನಗೋ ಅಣ್ಣತಮ್ಮಂದಿರಿಲ್ಲ. ಜವಳಗೇರಾದ ದೂರದ ಸಂಬಂಧಿಯನ್ನು ಹಿರಿಯರು ಕರೆಸಿದ್ದರು. ಅವನು ಮಗುವಿನ ಮುಖವನ್ನೇ ನೋಡಿದವನಲ್ಲ. ನನಗೆ ನನ್ನ ಮಾವನೇ ಬೇಕಿತ್ತು.

“ನೀ ಕೂಸಿಗ ತಾತನ ಸಾಲಿನಾಂವ. ಮಾವನ ಜಾಗಾದಾಗ ಹೆಂಗ ಕೂಡ್ತೀ?” ಎಂದರು ಹಿರಿಯರು, ಮುಂದೆ ಬಂದ ಮಾವನಿಗೆ.

“ಆ ‘ಅಂಕಲ್’ ಪದದ ಮೂಲ ಪೂರಾ ಕೇಳ್ರಿ. ಲ್ಯಾಟಿನ್ ಮಂದಿ ತಾಯಿ ಅಣ್ಣಗ ‘ಸಣ್ಣ ತಾತ’ ಅಂತಿದ್ರಂತ. ತಾತನೂ ನಾನ, ಮಾವನೂ ನಾನ. ಕೂಸು ಕೊಡ್ರಿ.”

ಲ್ಯಾಟಿನ್ ಮಂದಿಗೆ ಎದುರಾಡುವವರು ಮಸ್ಕಿಯಲ್ಲಿ ಯಾರಿದ್ದಾರೆ? ಮಗು ಅತ್ತು ಅತ್ತು ಅವನ ತೊಡೆಯ ಮೇಲೇ ನಿದ್ದೆ ಹೋಯಿತು. ಕಾಲು ಜೋಮು ಹಿಡಿದರೂ ಮಾವ ಏಳಲಿಲ್ಲ. ಎತ್ತಿಕೊಳ್ಳಲು ಹೋದ ನನ್ನನ್ನು ಕೈ ಅಡ್ಡ ಮಾಡಿ ತಡೆದ.

ಮೊನ್ನೆ ಮಾವ ತೀರಿಹೋದ. ಮಣ್ಣು ಮುಗಿಸಿ ಬಂದೆವು. ಮನೆ ತುಂಬ ನೆಂಟರು. ಬಾ ಎಂದು ಎಲ್ಲರೂ ಮಗಳನ್ನು ಕರೆದರು. ಅವಳು ಯಾರ ತೊಡೆಯನ್ನೂ ಏರದೆ, ಗೋಡೆಗೆ ಒರಗಿ ನೆಲದ ಮೇಲೇ ಕುಳಿತಳು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.