ಸೊನ್ನೆಗಾಗಿ ಸೆಮಿನಾರ್ ಹಾಲಿನಲ್ಲಿ ನಡೆದ ಸಮರ

ವಾಣಿಯೇ, ನಾಲಗೆಗೆ ಬಲ ಕೊಡು. ಪ್ರಮೇಯಗಳು ಕ್ಷೀಣಿಸಿ ಪ್ರಮಾಣಪತ್ರಗಳು ವೃದ್ಧಿಸಿದ, ಒಂದು ವಿಚಾರಕ್ಕೆ ಹತ್ತು ವಿಚಾರಸಂಕಿರಣಗಳು ಹುಟ್ಟುತ್ತಿದ್ದ ಆ ಸಮೃದ್ಧ ಯುಗವನ್ನು ಹಾಡಬೇಕಾಗಿದೆ. ಆ ಯುಗದ ಸಭೆಗಳಲ್ಲಿ ಮುಂದಿನ ಸಾಲಿನ ಮೆತ್ತನೆಯ ಕುರ್ಚಿಯನ್ನೇ ಸಿಂಹಾಸನವಾಗಿಸಿಕೊಂಡಿದ್ದ ಪ್ರತಿವಾದಿಗಜಕೇಸರಿ, ಪ್ರಶ್ನಶರವರ್ಷಪ್ರಚಂಡ, ಪರಪ್ರಬಂಧಪ್ರಭಂಜನ ಪ್ರೊಫೆಸರ್ ವೃಷಭೇಂದ್ರ ಹಂಪಿಹೊಳಿಯವರ ಪರಾಕ್ರಮವನ್ನು ಹಾಡಬೇಕಾಗಿದೆ.

ಗಣಿತ ವಿಭಾಗದ ಈ ಮಹಾರಥಿ ತಮ್ಮ ಕೊನೆಯ ಪ್ರಮೇಯವನ್ನು ಸಾಧಿಸಿದ್ದು ತಲೆಯ ಮೇಲೆ ಕೂದಲಿದ್ದ ಕಾಲದಲ್ಲಿ. ಆಮೇಲೆ ಹೊಸದೇನೂ ಹೊಳೆಯಲಿಲ್ಲ. ಹೊಳೆಯುತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ಸಾಲದೆ, ಅನ್ಯರ ಪ್ರಮೇಯಗಳಲ್ಲಿ ಬಿರುಕು ಹುಡುಕುವುದನ್ನೇ ವ್ರತವಾಗಿ ಹಿಡಿದರು. ಅವರು ಕೈಯೆತ್ತಿದರೆ ಯುವಸಂಶೋಧಕರು ಗಾಬರಿಯಿಂದ ಹಾಳೆ ತಡಕಾಡುತ್ತಿದ್ದರು. ಅದನ್ನು ಕಂಡು ಅವರಿಗೆ ಹಸಿವು ಹೆಚ್ಚುತ್ತಿತ್ತು. ಆದರೆ ಹಿಂದಿನ ಸೆಮಿನಾರಿನಲ್ಲಿ ಒಂದು ಅನಾಹುತ ನಡೆದುಹೋಗಿತ್ತು. ಗಣಕವಿಜ್ಞಾನ ವಿಭಾಗದ ಪ್ರೊಫೆಸರ್ ಅಚ್ಯುತ ಕುದ್ರೋಳಿ, ಹಂಪಿಹೊಳಿಯವರ ಪ್ರಶ್ನೆಯೇ ತಪ್ಪೆಂದು ತೋರಿಸಿ ಇಡೀ ಸಭೆಯನ್ನು ನಗಿಸಿದ್ದರು. ಆ ನಗು ವೀರನ ಕಿವಿಯಲ್ಲಿ ಇನ್ನೂ ಕುದಿಯುತ್ತಿತ್ತು.

ಹೀಗಿರಲು ಡಾಕ್ಟರ್ ಮೆಹರುನ್ನೀಸಾ ಸವಣೂರು ಎಂಬ ಯುವಸಂಶೋಧಕಿ ಆ ರಣಾಂಗಣಕ್ಕೆ ಉಪನ್ಯಾಸ ಕೊಡಲು ಬಂದರು. ಎರಡೂ ವಿಭಾಗಗಳು ಕೂಡಿ ತುಂಬಬೇಕಿದ್ದ ಒಂದು ಹುದ್ದೆಗೆ ಆಕೆ ಅರ್ಜಿ ಹಾಕಿದ್ದರು. ಆ ಒಂದು ಗಂಟೆಯ ಮಾತೇ ಪರೀಕ್ಷೆ. ಜಾಲವೊಂದರಲ್ಲಿ ಒಂದು ಕೊಂಡಿ ಕಡಿದುಹೋದರೆ, ಎಲ್ಲವನ್ನೂ ಮೊದಲಿಂದ ಹುಡುಕದೆ ಸಂದೇಶಕ್ಕೆ ಬೇರೆ ದಾರಿ ತೋರಿಸುವುದು ಹೇಗೆಂದು ಆಕೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಂಡುಹಿಡಿದಿದ್ದರು. ಬೋರ್ಡಿನ ಮೇಲೆ ಅಂದವಾದ ಒಂದು ಚಿತ್ರ ಬರೆದು, ಜಾಲದಲ್ಲಿ ಎನ್ ನೆಲೆಗಳಿವೆ ಎಂದುಕೊಳ್ಳೋಣ, ಎನ್ ಒಂದು ಸ್ವಾಭಾವಿಕ ಸಂಖ್ಯೆ, ಎಂದು ಶುರು ಮಾಡಿದರು.

ಹಂಪಿಹೊಳಿಯವರ ಬಲಗೈ ಧ್ವಜಸ್ತಂಭದಂತೆ ಮೇಲೆದ್ದಿತು.

"ನಿಲ್ಲಿಸಿ. ನಿಮ್ಮ ಸ್ವಾಭಾವಿಕ ಸಂಖ್ಯೆಗಳಲ್ಲಿ ಸೊನ್ನೆ ಸೇರಿದೆಯೋ, ಇಲ್ಲವೋ?"

ಆಕೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕುದ್ರೋಳಿಯವರು, ಸೇರದೆ ಎಲ್ಲಿ ಹೋಗುತ್ತದೆ, ನಮ್ಮಲ್ಲಿ ಎಣಿಕೆ ಶುರುವಾಗುವುದೇ ಸೊನ್ನೆಯಿಂದ ಎಂದುಬಿಟ್ಟರು. ವೀರನ ಎದೆ ಹಿಗ್ಗಿತು. ಕಾದದ್ದು ಇದಕ್ಕೇ. ಪ್ರಳಯಕಾಲದ ಮೇಘದಂತೆ ಮೇಲೆದ್ದು, ಸಂಶೋಧಕಿಯ ಕೈಯಿಂದ ಸೀಮೆಸುಣ್ಣ ಕಸಿದು, ಬೋರ್ಡಿನ ಮೇಲಿದ್ದ ಜಾಲವನ್ನು ಅಂಗೈಯಿಂದಲೇ ಒರೆಸಿ, ದೊಡ್ಡದೊಂದು ಸೊನ್ನೆ ಬರೆದು, ಅದನ್ನು ಅಡ್ಡಗೆರೆಯಿಂದ ಸೀಳಿದರು.

"ಕುರಿ ಕಾಯುವವನು ಮೊದಲನೆಯ ಕುರಿಯನ್ನು ಸೊನ್ನೆ ಅಂತ ಎಣಿಸುತ್ತಾನೆಯೇ, ಕುದ್ರೋಳಿಯವರೇ? ಒಂದರಿಂದ ಎಣಿಸಲು ಕಲಿತವನು ನಾನು, ಒಂದರಿಂದಲೇ ಕಲಿಸಿದವನು. ಈ ದೇಹದಲ್ಲಿ ಉಸಿರಿರುವ ತನಕ ಈ ವಿಭಾಗದ ಹೊಸ್ತಿಲೊಳಗೆ ಸೊನ್ನೆಯನ್ನು ಸ್ವಾಭಾವಿಕವೆನ್ನಲು ಬಿಡೆನು."

"ಆ ಮೊದಲನೆಯ ಕುರಿ ಬರುವ ಮುಂಚೆ ದೊಡ್ಡಿಯಲ್ಲಿ ಎಷ್ಟು ಕುರಿಗಳಿದ್ದವು, ಅದನ್ನು ಹೇಳಿ," ಎನ್ನುತ್ತ ಕುದ್ರೋಳಿಯವರೂ ಒಂದು ಸೀಮೆಸುಣ್ಣ ಹಿಡಿದು ಬೋರ್ಡಿನತ್ತ ಬಂದರು. "ಅಷ್ಟನ್ನು ಎಣಿಸಲಾರದವರು ದೊಡ್ಡಿಗೆ ಬೇಲಿ ಹಾಕಲು ಹೊರಟಿದ್ದೀರಲ್ಲ."

ಆಗ ನಡೆದ ಘೋರಸಂಗ್ರಾಮವನ್ನು ಏನೆಂದು ಬಣ್ಣಿಸುವುದು? ವ್ಯಾಖ್ಯೆಗಳು ಬಾಣಗಳಾಗಿ ಹಾರಿದವು, ಉಪವ್ಯಾಖ್ಯೆಗಳು ಅವುಗಳನ್ನು ಆಕಾಶದಲ್ಲೇ ತುಂಡರಿಸಿದವು. ಗಣಿತದವರೆಲ್ಲ ಎಡಕ್ಕೆ, ಗಣಕದವರೆಲ್ಲ ಬಲಕ್ಕೆ ವಾಲಿ ಗೊಣಗತೊಡಗಿದರು. ಸೀಮೆಸುಣ್ಣದ ಧೂಳು ಕುರುಕ್ಷೇತ್ರದ ಕೆಂಧೂಳಿಯಂತೆ ಎದ್ದು ಗಣಿತ ವಿಭಾಗದ ಮುಖ್ಯಸ್ಥೆ ಗಿರಿಜಾ ಮೇಡಂ ಅವರನ್ನು ಕೆಮ್ಮಿಸಿತು. ಹಂಪಿಹೊಳಿಯವರಿಗೆ ಹರೆಯ ಮರಳಿದಂತಾಯಿತು. ತಾವು ಮತ್ತೆ ಗಣಿತ ಮಾಡುತ್ತಿದ್ದೇವೆಂಬ ಭ್ರಮೆ ಒಂದು ಗಳಿಗೆ ಅವರ ಕಣ್ಣನ್ನು ತೇವಗೊಳಿಸಿತು. ಸಂಶೋಧಕಿ ಮಾತ್ರ ಬೋರ್ಡಿನ ಮೂಲೆಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು.

ಕೊನೆಗೆ ಗಿರಿಜಾ ಮೇಡಂ ಮೇಜು ಕುಟ್ಟಿ, ಉಪನ್ಯಾಸಕಿಯನ್ನೇ ಕೇಳಿಬಿಡೋಣ ಎಂದರು. ಇಡೀ ಸಭೆ ಅತ್ತ ತಿರುಗಿತು. ಈಕೆ ಯಾರ ಕಡೆ ವಾಲಿದರೂ ಇನ್ನೊಬ್ಬರು ಹುದ್ದೆಗೆ ಅಡ್ಡಗಾಲು ಹಾಕುವುದು ಖಚಿತ.

"ನನ್ನ ಪ್ರಮೇಯಕ್ಕೆ ಎರಡಾದರೂ ನೆಲೆಗಳು ಬೇಕು ಸರ್," ಎಂದರು ಮೆಹರುನ್ನೀಸಾ. "ಒಂದೇ ಇದ್ದರೆ ಸಂದೇಶ ಯಾರಿಂದ ಯಾರಿಗೆ ಹೋಗಬೇಕು?"

ಸೊನ್ನೆಯೂ ಬೇಡ, ಒಂದೂ ಬೇಡ. ವೀರರಿಬ್ಬರೂ ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟು, ಹಾಗಾದರೆ ಮುಂದುವರಿಸಿ ಎಂದು ದೊಡ್ಡ ಮನಸ್ಸು ಮಾಡಿದರು. ಉಳಿದಿದ್ದುದು ಐದು ನಿಮಿಷ. ಆಕೆ ಅಳಿಸಿಹೋದ ಜಾಲವನ್ನು ಸರಸರನೆ ಮತ್ತೆ ಬರೆದು, ಅಷ್ಟು ವರ್ಷಗಳ ದುಡಿಮೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಸಾಧನೆಯ ತಿರುಳು ಬಂದ ಹೊತ್ತಿಗೆ ರಣಶ್ರಾಂತರಾದ ಹಂಪಿಹೊಳಿಯವರ ಗದ್ದ ಎದೆಗೆ ತಾಗಿ, ಸಣ್ಣ ಗೊರಕೆ ಕೇಳುತ್ತಿತ್ತು. ಚಪ್ಪಾಳೆಗೆ ಎಚ್ಚರವಾಗಿ ಅವರೂ ಜೋರಾಗಿ ಚಪ್ಪಾಳೆ ತಟ್ಟಿದರು.

ವರಾಂಡದಲ್ಲಿ ಚಹಾ ಕುಡಿಯುತ್ತ ಗಿರಿಜಾ ಮೇಡಂ ಇಬ್ಬರ ಅಭಿಪ್ರಾಯ ಕೇಳಿದರು. ವೃಷಭೇಂದ್ರ ಹಂಪಿಹೊಳಿಯವರು ಬೋಂಡಾ ಮುರಿದು ಗಂಭೀರವಾಗಿ ಯೋಚಿಸಿದರು.

"ಹುಡುಗಿ ಜಾಣೆ. ಆದರೆ ಕೊನೆಗೆ ಯಾಕೋ ತುಂಬಾ ಅವಸರ ಮಾಡಿದಳು."

ಕುದ್ರೋಳಿಯವರು ಹೌದೆಂದು ತಲೆದೂಗಿ, ಚಟ್ನಿಯ ಬಟ್ಟಲನ್ನು ಅವರ ಕಡೆಗೆ ಸರಿಸಿದರು.